ಕಾಣೆಯಾದ ಒಂದು ವೋಲ್ಟ್

ಆಲ್ಟರ್ನೇಟರ್ ಬದಲಿಸಿದ ಮೇಲೂ ಕಾರಿನ ಬ್ಯಾಟರಿ ಡೌನ್ ಆಗುತ್ತಲೇ ಇದ್ದರೆ, ಇನ್ನೊಂದು ಆಲ್ಟರ್ನೇಟರಿಗೆ ದುಡ್ಡು ತೆರುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಹಳೆಯದು ಕೆಟ್ಟಿತ್ತು ಎನ್ನುವುದಕ್ಕೆ ನಮ್ಮ ಕೈಯಲ್ಲಿದ್ದ ಸಾಕ್ಷಿ ಯಾವುದು? ಬಹಳ ಸಲ ಉತ್ತರ ಇಷ್ಟೇ ಇರುತ್ತದೆ: ಬೆಳಗ್ಗೆ ಸೆಲ್ಫ್ ಹೊಡೆದರೆ ಎಂಜಿನ್ ತಿರುಗಲಿಲ್ಲ, ಮೀಟರ್ ಬೋರ್ಡಿನಲ್ಲಿ ಬ್ಯಾಟರಿ ಚಿತ್ರದ ಕೆಂಪು ದೀಪ ಉರಿಯುತ್ತಿತ್ತು. ಚಾರ್ಜಿಂಗ್ ವ್ಯವಸ್ಥೆಯಲ್ಲಿ ಎಲ್ಲೋ ತೊಂದರೆಯಿದೆ ಎಂದು ಇವೆರಡೂ ಹೇಳುತ್ತವೆ, ಎಲ್ಲಿದೆ ಎಂದು ಹೇಳುವುದಿಲ್ಲ. ಆಲ್ಟರ್ನೇಟರ್, ಬ್ಯಾಟರಿ, ಅವುಗಳ ನಡುವಿನ ದಪ್ಪ ಕೇಬಲ್, ಮುಖ್ಯ ಫ್ಯೂಸ್, ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ಥಿಂಗ್ ಪಟ್ಟಿ, ಕೀ ಸ್ವಿಚ್ಚು, ಎಷ್ಟೋ ಕಾರುಗಳಲ್ಲಿ ಆ ಕೆಂಪು ದೀಪದ ಬಲ್ಬು ಕೂಡ ಈ ವ್ಯವಸ್ಥೆಯ ಅಂಗಗಳೇ. ಇವುಗಳಲ್ಲಿ ಯಾವುದು ಕೈಕೊಟ್ಟರೂ ಹೊರಗೆ ಕಾಣುವ ಲಕ್ಷಣ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಹೊಸ ಭಾಗ ಹಾಕಿ ನೋಡುವುದನ್ನು ಪರೀಕ್ಷೆ ಎಂದು ಕರೆಯಲಾಗದು. ವೋಲ್ಟೇಜ್ ಎಲ್ಲಿ ಹುಟ್ಟುತ್ತಿದೆ, ಎಲ್ಲಿ ಕಳೆದುಹೋಗುತ್ತಿದೆ ಎಂದು ಅಳೆಯುವುದೇ ಪರೀಕ್ಷೆ. ಅದಕ್ಕೆ ಬೇಕಾದ ಉಪಕರಣ ಒಂದು ಸಾಧಾರಣ ಮಲ್ಟಿಮೀಟರ್. ಬೇಕಾದ ವಿಜ್ಞಾನ ಹೈಸ್ಕೂಲಿನಲ್ಲಿ ಕಲಿತದ್ದು.

ಮೊದಲು ಅಂಕಿಗಳನ್ನು ತಿಳಿದುಕೊಳ್ಳೋಣ. ನಾವು 12 ವೋಲ್ಟಿನ ಬ್ಯಾಟರಿ ಎಂದು ಕರೆಯುವುದರಲ್ಲಿ ಆರು ಕೋಶಗಳಿವೆ, ಪ್ರತಿಯೊಂದೂ ಸುಮಾರು 2.1 ವೋಲ್ಟಿನದು. ಪೂರ್ತಿ ಚಾರ್ಜ್ ಆಗಿ ಕೆಲವು ಗಂಟೆ ಸುಮ್ಮನಿದ್ದ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ. ಅರ್ಧ ಖಾಲಿಯಾದಾಗ 12.2ರ ಆಸುಪಾಸು, 11.9ಕ್ಕೆ ಇಳಿದರೆ ಬಹುಪಾಲು ಖಾಲಿ. ಅಂದರೆ ತುಂಬಿದ ಮತ್ತು ಬರಿದಾದ ಬ್ಯಾಟರಿಗಳ ನಡುವಿನ ಅಂತರ ಒಂದು ವೋಲ್ಟಿಗಿಂತಲೂ ಕಡಿಮೆ. ಫ್ರಾನ್ಸಿನ ಗಾಸ್ತೋ ಪ್ಲಾಂತೆ 1859ರಲ್ಲಿ ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿಯನ್ನು ರೂಪಿಸಿದಂದಿನಿಂದ ಅದರ ಈ ಗುಣ ಬದಲಾಗಿಲ್ಲ, ಏಕೆಂದರೆ ಅದು ಸೀಸದ ರಸಾಯನಶಾಸ್ತ್ರದಿಂದಲೇ ಬಂದದ್ದು. ಇಂಥ ಬ್ಯಾಟರಿಗೆ ಕರೆಂಟ್ ತುಂಬಬೇಕಾದರೆ ಅದರ ಸ್ವಂತ ವೋಲ್ಟೇಜನ್ನು ಮೀರಿಸಿ ಒತ್ತಬೇಕು. ಆದರೆ ಅತಿಯಾಗಿ ಒತ್ತಿದರೆ ಒಳಗಿನ ನೀರು ಒಡೆದು ಹೈಡ್ರೊಜನ್ ಮತ್ತು ಆಕ್ಸಿಜನ್ ಆಗಿ ಹಾರಿಹೋಗುತ್ತದೆ. ಹೀಗಾಗಿ ಸಾಮಾನ್ಯ ಕಾರಿನಲ್ಲಿ ಆಲ್ಟರ್ನೇಟರಿನ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ 13.8ರಿಂದ 14.7 ವೋಲ್ಟಿನ ಕಿರಿದಾದ ದಾರಿಯಲ್ಲಿ ನಡೆಯುತ್ತದೆ. ಸೆಖೆಯಲ್ಲಿ ತುಸು ಕೆಳಗೆ, ಚಳಿಯಲ್ಲಿ ತುಸು ಮೇಲೆ. ಕಲಬುರಗಿಯ ಮೇ ತಿಂಗಳಿನಲ್ಲಿ ಬಾನೆಟ್ಟಿನ ಕೆಳಗೆ ಕುದಿಯುತ್ತಿರುವ ಆಲ್ಟರ್ನೇಟರ್ 13.8 ತೋರಿಸಿದರೆ ಅದು ದೋಷವಲ್ಲ.

ಈ ದಾರಿ ಎಷ್ಟು ಕಿರಿದು ಎಂಬುದನ್ನು ಮನಸ್ಸಿಗೆ ತಂದುಕೊಂಡರೆ ಮಾತ್ರ ಮುಂದಿನ ಲೆಕ್ಕದ ತೂಕ ತಿಳಿಯುತ್ತದೆ. ಆಲ್ಟರ್ನೇಟರ್ 14.3 ವೋಲ್ಟ್ ಹುಟ್ಟಿಸುತ್ತಿದೆ, ಆದರೆ ಬ್ಯಾಟರಿಯ ಎರಡು ಟರ್ಮಿನಲ್ಲುಗಳ ನಡುವೆ ಸಿಗುತ್ತಿರುವುದು 13.2 ಎಂದಿಟ್ಟುಕೊಳ್ಳಿ. ನೂರಕ್ಕೆ ಎಂಟು ಪಾಲು ನಷ್ಟ; ಅಷ್ಟಕ್ಕೆಲ್ಲ ಏನಾಗುತ್ತದೆ ಎನ್ನಿಸುವುದು ಸಹಜ. ಆದರೆ ಬ್ಯಾಟರಿಯನ್ನು ತುಂಬುವುದು 14.3 ಎಂಬ ಇಡೀ ಸಂಖ್ಯೆಯಲ್ಲ, ಅದಕ್ಕೂ ಬ್ಯಾಟರಿಯ ಸ್ವಂತ ವೋಲ್ಟೇಜಿಗೂ ಇರುವ ವ್ಯತ್ಯಾಸ. ಆ ಹೊತ್ತಿನಲ್ಲಿ ಬ್ಯಾಟರಿ ತನ್ನೊಳಗೆ 12.8 ವೋಲ್ಟಿನಿಂದ ಎದುರು ನಿಂತಿದ್ದರೆ ಒತ್ತುವ ಬಲ 1.5 ವೋಲ್ಟ್ ಇರಬೇಕಾದಲ್ಲಿ 0.4 ಆಗಿರುತ್ತದೆ. ಹೆಚ್ಚುಕಡಿಮೆ ಮುಕ್ಕಾಲು ಪಾಲು ಹೋಯಿತು. ಇಂಥ ಕಾರು ದಿನವೆಲ್ಲ ಓಡಿದರೂ ಬ್ಯಾಟರಿ ಪೂರ್ತಿ ತುಂಬುವುದಿಲ್ಲ. ಅರೆ ಖಾಲಿಯಾಗಿಯೇ ಉಳಿದ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳುಗಟ್ಟುತ್ತಾ ಹೋಗುತ್ತದೆ. ಕೆಲವು ತಿಂಗಳಲ್ಲಿ ಬ್ಯಾಟರಿಯೂ ಹಾಳು. ಆಗ ಹೊಸ ಬ್ಯಾಟರಿ ಬರುತ್ತದೆ, ಅದೂ ಇದೇ ದಾರಿ ಹಿಡಿಯುತ್ತದೆ. ಮಾಲೀಕರು ಎರಡು ದುಬಾರಿ ಭಾಗಗಳನ್ನು ಬದಲಿಸಿರುತ್ತಾರೆ, ಆ 1.1 ವೋಲ್ಟ್ ಮಾತ್ರ ಇನ್ನೂ ಸಿಕ್ಕಿರುವುದಿಲ್ಲ.

ಅದನ್ನು ಹುಡುಕುವ ವಿಧಾನ 1845ರಲ್ಲೇ ಬರೆದಿಟ್ಟಾಗಿದೆ. ಕ್ಯೋನಿಗ್ಸ್‌ಬರ್ಗಿನಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದ ಗುಸ್ಟಾಫ್ ಕಿರ್ಖಾಫ್ ತೋರಿಸಿಕೊಟ್ಟದ್ದು ಇಷ್ಟು: ಮುಚ್ಚಿದ ಸುತ್ತಿನಲ್ಲಿ ಹುಟ್ಟಿದ ವೋಲ್ಟೇಜೆಲ್ಲವೂ ಅದೇ ಸುತ್ತಿನ ಯಾವುದಾದರೂ ಭಾಗದಲ್ಲಿ ಖರ್ಚಾಗಲೇಬೇಕು, ಲೆಕ್ಕ ತಪ್ಪುವಂತಿಲ್ಲ. ನಮ್ಮ ಉದಾಹರಣೆಗೆ ಇದನ್ನು ಹಚ್ಚೋಣ. ಎಂಜಿನ್ ಸ್ಟಾರ್ಟ್ ಮಾಡಿ ನಿಮಿಷಕ್ಕೆ ಸುಮಾರು 2,000 ಸುತ್ತಿಗೆ ಏರಿಸಿ, ಹೆಡ್‌ಲೈಟ್, ಏಸಿಯ ಬ್ಲೋವರ್, ಹಿಂಗಾಜಿನ ಹೀಟರ್ ಎಲ್ಲವನ್ನೂ ಹಾಕಬೇಕು. ಮೀಟರಿನ ಒಂದು ಕಡ್ಡಿಯನ್ನು ಆಲ್ಟರ್ನೇಟರಿನ ಹಿಂಬದಿಯ ದಪ್ಪ ಬೋಲ್ಟಿಗೆ, ಇನ್ನೊಂದನ್ನು ಬ್ಯಾಟರಿಯ ಪ್ಲಸ್ ಗೂಟಕ್ಕೆ ಮುಟ್ಟಿಸಿದರೆ ಪ್ಲಸ್ ದಾರಿಯಲ್ಲಿ ಕಳೆದದ್ದೆಷ್ಟು ಎಂದು ನೇರವಾಗಿ ಕಾಣುತ್ತದೆ, 0.2 ಬಂತು ಎನ್ನಿ. ನಂತರ ಆಲ್ಟರ್ನೇಟರಿನ ಲೋಹದ ಮೈಗೂ ಬ್ಯಾಟರಿಯ ಮೈನಸ್ ಗೂಟಕ್ಕೂ ಮುಟ್ಟಿಸಬೇಕು, 0.9 ಬಂತು. 13.2, 0.2, 0.9 ಕೂಡಿಸಿದರೆ 14.3. ಲೆಕ್ಕ ಕೂಡಿತು, ಕಳ್ಳ ಮೈನಸ್ ದಾರಿಯಲ್ಲಿದ್ದಾನೆ. ಪ್ಲಸ್ ಕಡೆ 0.2ರ ತನಕ, ಮೈನಸ್ ಕಡೆ 0.1 ಅಥವಾ 0.2ರ ತನಕ ನಷ್ಟವನ್ನು ಸಹಿಸಬಹುದು. ಅದಕ್ಕಿಂತ ಮೇಲಿದ್ದರೆ ಆ ದಾರಿಯ ಒಂದೊಂದೇ ಗಂಟನ್ನು ಹೀಗೆಯೇ ಅಳೆಯುತ್ತ ಹೋದರೆ ದೋಷ ಯಾವ ನಟ್ಟಿನ ಕೆಳಗಿದೆ ಎಂಬಲ್ಲಿಯವರೆಗೂ ತಲುಪಬಹುದು. ಇಷ್ಟಕ್ಕೆಲ್ಲ ಒಂದು ಸ್ಪ್ಯಾನರನ್ನೂ ಹಿಡಿಯಬೇಕಾಗಿಲ್ಲ. ತಿರುಗುವ ಬೆಲ್ಟು ಮತ್ತು ಫ್ಯಾನಿನಿಂದ ಕೈ, ವೈರು, ಬಟ್ಟೆ ದೂರವಿರಲಿ, ಅಷ್ಟೇ.

ಮೈನಸ್ ದಾರಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಅದು ಎಲ್ಲರೂ ಮರೆಯುವ ದಾರಿ. ಆಲ್ಟರ್ನೇಟರಿನ ಮೈಯೇ ಅದರ ಮೈನಸ್ ತುದಿ. ಅದು ಎಂಜಿನ್ನಿಗೆ ಬೋಲ್ಟಾಗಿರುತ್ತದೆ. ಎಂಜಿನ್ ಮಾತ್ರ ರಬ್ಬರ್ ಮೌಂಟುಗಳ ಮೇಲೆ ಕೂತಿರುತ್ತದೆ. ಅದರ ಅಲುಗಾಟ ಪ್ರಯಾಣಿಕರಿಗೆ ತಟ್ಟದಿರಲೆಂದು ಹಾಕಿದ ರಬ್ಬರೇ ವಿದ್ಯುತ್ತನ್ನೂ ತಡೆಯುತ್ತದೆ. ಎಂಜಿನ್ನಿಗೂ ಬಾಡಿಗೂ, ಬಾಡಿಗೂ ಬ್ಯಾಟರಿಗೂ ಕಟ್ಟಿದ ಒಂದೆರಡು ಪಟ್ಟಿಗಳಿಂದಲೇ ಅಷ್ಟೂ ಕರೆಂಟ್ ಹಿಂದಿರುಗಬೇಕು. ಮಂಗಳೂರು, ಕಾರವಾರಗಳ ಉಪ್ಪುಗಾಳಿಯಲ್ಲಿ, ಮಲೆನಾಡಿನ ತಿಂಗಳುಗಟ್ಟಲೆ ಮಳೆಯಲ್ಲಿ ಈ ಪಟ್ಟಿಯ ತುದಿಗಳು ಕಿಲುಬು ಹಿಡಿಯುತ್ತವೆ, ಎಳೆಗಳು ಒಳಗೊಳಗೇ ಕಡಿಯುತ್ತವೆ. ಪಟ್ಟಿ ಪೂರ್ತಿ ಸತ್ತರೆ ಕರೆಂಟ್ ಆಕ್ಸಿಲರೇಟರ್ ಕೇಬಲ್ ಅಥವಾ ಕ್ಲಚ್ ಕೇಬಲ್ ಹಿಡಿದು ಬಾಡಿಗೆ ಹೋಗುವುದೂ ಉಂಟು. ಕಾರಣ ತಿಳಿಯದೆ ಬಿಸಿಯಾಗುವ, ಬಿಗಿಯಾಗುವ ಕೇಬಲ್ ಕಂಡರೆ ಅರ್ಥಿಂಗನ್ನು ನೋಡಬೇಕು. ಇಲ್ಲೊಂದು ಆಕ್ಷೇಪ ಬರಬಹುದು: ಪಟ್ಟಿಯ ಎರಡು ತುದಿಗೆ ಮೀಟರ್ ಹಿಡಿದು ಓಮ್ ನೋಡಿದಾಗ ಸೊನ್ನೆಯೇ ಬರುತ್ತದಲ್ಲ? ಬರುತ್ತದೆ, ಅದಕ್ಕೇ ಆ ಪರೀಕ್ಷೆಯನ್ನು ನಂಬಬಾರದು. ಮೂರನೇ ಒಂದು ಮಿಲಿಮೀಟರಿಗಿಂತ ಸಣ್ಣದಾದ, ಒಂದಡಿ ಉದ್ದದ ಒಂದೇ ಒಂದು ತಾಮ್ರದ ಎಳೆ ಉಳಿದಿದ್ದರೂ ಅದರ ರೋಧ ಸುಮಾರು 0.07 ಓಮ್. ಮೀಟರಿನ ಸ್ವಂತ ವೈರುಗಳ ರೋಧವೇ ಅದಕ್ಕಿಂತ ಹೆಚ್ಚು, ಆದ್ದರಿಂದ ಮೀಟರಿಗೆ ಆ ಎಳೆಯೂ ಒಂದೇ, ಇಡೀ ಕೇಬಲ್ಲೂ ಒಂದೇ. ಆದರೆ ಅದರಲ್ಲಿ 50 ಆಂಪಿಯರ್ ಹರಿಸಲು ಹೋದರೆ ಮೂರೂವರೆ ವೋಲ್ಟ್ ಅಲ್ಲೇ ಮುಗಿಯಬೇಕು. ಅಷ್ಟರಲ್ಲಿ ಎಳೆ ಸುಟ್ಟೇ ಹೋಗಿರುತ್ತದೆ. ನಮ್ಮ ಉದಾಹರಣೆಯ 0.9 ವೋಲ್ಟಿನ ಗಂಟಿನಲ್ಲೂ 50 ಆಂಪಿಯರಿಗೆ 45 ವ್ಯಾಟ್ ಶಾಖ ಹುಟ್ಟುತ್ತದೆ, ಅಂದರೆ ಒಂದು ಸೋಲ್ಡರಿಂಗ್ ಕಡ್ಡಿಯ ಕಾವು. ಕೆಲಸ ಮಾಡುತ್ತಿರುವಾಗ, ಭಾರ ಹೊತ್ತಿರುವಾಗ ಅಳೆದ ಅಳತೆಗೆ ಮಾತ್ರ ಬೆಲೆ.

ಬದಲಿಸಿ ನೋಡುವುದೂ ಒಂದು ಪರೀಕ್ಷೆಯೇ ಎಂದು ಅನುಭವಸ್ಥ ಮೆಕ್ಯಾನಿಕ್‌ಗಳು ವಾದಿಸುತ್ತಾರೆ. ಗುಣವಾದರೆ ಸರಿ, ಆಗದಿದ್ದರೆ ಆಲ್ಟರ್ನೇಟರ್ ಕಾರಣವಲ್ಲ ಎಂದಾದರೂ ಗೊತ್ತಾಯಿತಲ್ಲ ಎಂಬುದು ಅವರ ಮಾತು. ಅಳತೆಗಿಂತ ಬದಲಾವಣೆ ಬೇಗ ಮುಗಿಯುವ ಸಂದರ್ಭಗಳಲ್ಲಿ, ಒಂದು ಬಲ್ಬಿನ ವಿಷಯದಲ್ಲಿ, ಈ ವಾದ ಒಪ್ಪತಕ್ಕದ್ದೇ. ಆಲ್ಟರ್ನೇಟರಿಗೆ ಅದು ಹೊಂದುವುದಿಲ್ಲ, ಏಕೆಂದರೆ ಬಿಚ್ಚಿ ಕಟ್ಟುವ ಕೆಲಸವೇ ಮೊದಲಿಲ್ಲದ ದೋಷಗಳನ್ನು ಹುಟ್ಟಿಸಬಲ್ಲದು. ಅದರ ಹಿಂಬದಿಯ ದಪ್ಪ ಬೋಲ್ಟಿನಲ್ಲಿ ಕೀ ತೆಗೆದಿದ್ದರೂ ಬ್ಯಾಟರಿಯ ಕರೆಂಟ್ ಇರುತ್ತದೆ. ಬ್ಯಾಟರಿಯ ಮೈನಸ್ ಕೇಬಲನ್ನು ಮೊದಲು ಬಿಚ್ಚದೆ ಸ್ಪ್ಯಾನರ್ ಹಾಕಿ, ಅದರ ಇನ್ನೊಂದು ತುದಿ ಎಂಜಿನ್ನಿಗೆ ತಾಗಿದರೆ ನೂರಾರು ಆಂಪಿಯರ್ ಒಮ್ಮೆಲೇ ಹರಿದು ಮುಖ್ಯ ಫ್ಯೂಸ್ ಕರಗುತ್ತದೆ. ಹೊಸ ಆಲ್ಟರ್ನೇಟರ್ ಕೂತ ಮೇಲೆ ಅದು ಚೆನ್ನಾಗಿಯೇ ಕೆಲಸ ಮಾಡಿದರೂ ಬ್ಯಾಟರಿಗೆ ಹೋಗುವ ದಾರಿಯೇ ಇಲ್ಲ. ಬೋಲ್ಟಿನಲ್ಲಿ 14, ಬ್ಯಾಟರಿಯಲ್ಲಿ 12 ವೋಲ್ಟ್ ಎಂಬ ಎರಡು ಅಳತೆ ಅದನ್ನು ಕ್ಷಣದಲ್ಲಿ ಹೇಳುತ್ತಿತ್ತು; ಅಳೆಯದವರು ಹೊಸದೂ ಕೆಟ್ಟದ್ದು ಎಂಬ ತೀರ್ಮಾನಕ್ಕೆ ಬರುತ್ತಾರೆ. ಎಂಜಿನ್ನಿಗೆ ಬಿಗಿಯುವ ಕಿವಿಗಳಿಗೂ ಬಣ್ಣ ಬಳಿದ ರಿಪೇರಿ ಆಲ್ಟರ್ನೇಟರಾದರೆ ಆ ಬಣ್ಣವೇ ಅರ್ಥಿಂಗಿಗೆ ಅಡ್ಡ ನಿಲ್ಲಬಹುದು. ಹಿಂದಿನ ಸಣ್ಣ ಪ್ಲಗ್ ಕಟಕ್ಕನೆ ಕೂರದೆ ಉಳಿದಿರಬಹುದು. ಬೆಲ್ಟ್ ಸಡಿಲವಿರಬಹುದು: 14 ವೋಲ್ಟಿನಲ್ಲಿ 50 ಆಂಪಿಯರ್ ಎಂದರೆ 700 ವ್ಯಾಟ್, ಆಲ್ಟರ್ನೇಟರಿನೊಳಗಿನ ನಷ್ಟವನ್ನೂ ಸೇರಿಸಿದರೆ ಆ ಬೆಲ್ಟ್ ಒಂದೂವರೆ ಅಶ್ವಶಕ್ತಿಯಷ್ಟನ್ನು ಹೊರಬೇಕು. ಭಾರ ಬಿದ್ದಾಗ ಜಾರುವ ಬೆಲ್ಟ್ ಖಾಲಿ ತಿರುಗುವಾಗ ಸರಿಯಾಗಿಯೇ ಕಾಣುತ್ತದೆ.

ಇನ್ನು ಆ ಕೆಂಪು ದೀಪ. ಎಷ್ಟೋ ಕಾರುಗಳಲ್ಲಿ ಅದು ಎಚ್ಚರಿಕೆ ಕೊಡುವುದರ ಜೊತೆಗೆ ಆಲ್ಟರ್ನೇಟರನ್ನು ಎಬ್ಬಿಸುವ ಕೆಲಸವನ್ನೂ ಮಾಡುತ್ತದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಕಾಂತಕ್ಷೇತ್ರ ಬದಲಾಗುತ್ತಿದ್ದರೆ ಪಕ್ಕದ ತಂತಿಯಲ್ಲಿ ವಿದ್ಯುತ್ ಹುಟ್ಟುತ್ತದೆ ಎಂದು ಫ್ಯಾರಡೆ 1831ರಲ್ಲಿ ಕಂಡುಕೊಂಡರು. ಆಲ್ಟರ್ನೇಟರ್ ನಡೆಯುವುದು ಅದರ ಮೇಲೆಯೇ. ಆದರೆ ಅದರೊಳಗೆ ಕಾಯಂ ಅಯಸ್ಕಾಂತವಿಲ್ಲ. ತಿರುಗುವ ರೋಟರಿನ ಸುರುಳಿಗೆ ಕರೆಂಟ್ ಕೊಟ್ಟಾಗಲೇ ಅದು ಅಯಸ್ಕಾಂತವಾಗುತ್ತದೆ. ಓಡತೊಡಗಿದ ಮೇಲೆ ತಾನು ಹುಟ್ಟಿಸಿದ್ದರಿಂದಲೇ ಅದಕ್ಕೆ ಬೇಕಾದ ಮೂರು ನಾಲ್ಕು ಆಂಪಿಯರ್ ತೆಗೆದುಕೊಳ್ಳಬಲ್ಲದು. ಆರಂಭದ ಪ್ರಚೋದನೆ ಮಾತ್ರ ಹೊರಗಿನಿಂದ ಬರಬೇಕು. ಹಲವು ಹಳೆಯ ವಿನ್ಯಾಸಗಳಲ್ಲಿ ಅದು ಬರುವುದು ಕೀ ಸ್ವಿಚ್ಚಿನಿಂದ ಹೊರಟು ಕೆಂಪು ದೀಪದ ಬಲ್ಬನ್ನು ಹಾದು. ಎರಡು ವ್ಯಾಟಿನ ಬಲ್ಬು ಬಿಟ್ಟುಕೊಡುವ ಆಂಪಿಯರಿನ ಆರನೇ ಒಂದು ಪಾಲು ಕರೆಂಟ್ ಅದಕ್ಕೆ ಸಾಕು. ಆಲ್ಟರ್ನೇಟರ್ ಎದ್ದ ಮೇಲೆ ಬಲ್ಬಿನ ಎರಡೂ ತುದಿಗಳಲ್ಲಿ ಸಮಾನ ವೋಲ್ಟೇಜ್ ಬಂದು ದೀಪ ಆರುತ್ತದೆ. ಈಗ ಬಲ್ಬ್ ಸುಟ್ಟಿದ್ದರೆ? ಎಚ್ಚರಿಕೆಯೂ ಇಲ್ಲ, ಚಾರ್ಜೂ ಇಲ್ಲ. ರೋಟರಿನ ಕಬ್ಬಿಣದಲ್ಲಿ ಅಳಿದುಳಿದ ಕಾಂತತ್ವದಿಂದ, ಎಂಜಿನ್ನನ್ನು ಜೋರಾಗಿ ರೇಸ್ ಮಾಡಿದಾಗ ಮಾತ್ರ ಅದು ಎದ್ದೀತು. ರೇಸ್ ಕೊಟ್ಟರೆ ಚಾರ್ಜ್ ಶುರುವಾಗುತ್ತದೆ, ಐಡ್ಲಿಂಗಿನಲ್ಲಿ ಆಗುವುದಿಲ್ಲ ಎಂಬ ದೂರಿಗೆ ಇದೊಂದು ಮುಖ್ಯ ಕಾರಣ. ಚಂದಕ್ಕೆಂದು ಮೀಟರ್ ಬೋರ್ಡಿನ ಬಲ್ಬುಗಳನ್ನೆಲ್ಲ ಎಲ್‌ಇಡಿಗೆ ಬದಲಿಸಿದ ಕಾರಿನಲ್ಲೂ ಇದೇ ತೊಂದರೆ ಬರುತ್ತದೆ. ಎಲ್‌ಇಡಿ ಬಿಟ್ಟುಕೊಡುವ ಅತ್ಯಲ್ಪ ಕರೆಂಟ್ ರೋಟರಿಗೆ ಸಾಲದು. ಆದ್ದರಿಂದ ಕೀ ಹಾಕಿ, ಎಂಜಿನ್ ಸ್ಟಾರ್ಟ್ ಮಾಡದೆ ಮೊದಲು ನೋಡಬೇಕಾದದ್ದು ಆ ದೀಪ ಹೊತ್ತಿತೇ ಎಂದು. ದೀಪ ಆರಿದ್ದೇ ಆರೋಗ್ಯದ ಪ್ರಮಾಣವೆಂದೂ ಭಾವಿಸಬಾರದು. ಮುಖ್ಯ ಫ್ಯೂಸ್ ಹೋಗಿದ್ದರೂ ಅದು ಆರಿದಂತೆ ಕಾಣಬಹುದು, ಕತ್ತಲಲ್ಲಿ ನೋಡಿದರೆ ಮಂದವಾಗಿ ಮಿನುಗುತ್ತಿರಬಹುದು. ಆ ಮಂದ ಬೆಳಕಿನ ಅರ್ಥ ಎರಡು ತುದಿಗಳ ವೋಲ್ಟೇಜ್ ಸಮವಾಗಿಲ್ಲ ಎಂದು, ಹಾಗಾಗಿ ಅದನ್ನು ಕಡೆಗಣಿಸಬಾರದು.

ಹಾಗಾದರೆ ಹೊಸ ಆಲ್ಟರ್ನೇಟರ್ ಕೆಟ್ಟಿರುವುದೇ ಇಲ್ಲವೇ? ಖಂಡಿತ ಇರುತ್ತದೆ, ರಿಪೇರಿ ಮಾಡಿ ಮಾರುವ ಆಲ್ಟರ್ನೇಟರುಗಳಲ್ಲಿ ವಿಶೇಷವಾಗಿ. ನನ್ನ ವಾದ ಅದನ್ನು ಸಂಶಯಿಸಬಾರದು ಎಂದಲ್ಲ. ಸಂಶಯವನ್ನೂ ಅಳತೆಯಿಂದಲೇ ತೀರಿಸಿಕೊಳ್ಳಬೇಕು ಎಂದು. ಬೆಲ್ಟ್ ಬಿಗಿಯಿದ್ದು, ಸಣ್ಣ ಪ್ಲಗ್ಗಿನಲ್ಲಿ ಬರಬೇಕಾದ ವೋಲ್ಟೇಜ್ ಬರುತ್ತಿದ್ದು, ಅದರ ಸ್ವಂತ ಬೋಲ್ಟಿಗೂ ಸ್ವಂತ ಮೈಗೂ ನಡುವೆಯೇ 14 ಸಿಗದಿದ್ದರೆ ದೋಷ ಅದರೊಳಗಿದೆ. ಅಂಗಡಿಗೆ ಮರಳಿಸಲು ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ. ಇನ್ನೊಂದು ಬಗೆಯ ದೋಷ ಇಷ್ಟು ಸುಲಭಕ್ಕೆ ಸಿಗದು. ಆಲ್ಟರ್ನೇಟರ್ ಹುಟ್ಟಿಸುವುದು ಮೂರು ಹಂತದ ಪರ್ಯಾಯ ವಿದ್ಯುತ್ತು. ಅದನ್ನು ಬ್ಯಾಟರಿಗೆ ತಕ್ಕಂತೆ ಒಂದೇ ದಿಕ್ಕಿಗೆ ತಿರುಗಿಸಲು ಒಳಗೆ ಕನಿಷ್ಠ ಆರು ಡಯೋಡುಗಳಿರುತ್ತವೆ. ಅವುಗಳಲ್ಲೊಂದು ಕಡಿದುಹೋಗಿ ಕರೆಂಟ್ ಬಿಡದಿದ್ದರೆ ಕಡಿಮೆ ಭಾರದಲ್ಲಿ ವೋಲ್ಟೇಜ್ ಸರಿಯಾಗಿಯೇ ತೋರುತ್ತದೆ, ಹೆಡ್‌ಲೈಟ್ ಹಾಕಿದಾಗ ಕುಸಿಯುತ್ತದೆ. ಶಾರ್ಟ್ ಆಗಿದ್ದರೆ ಕಾರು ನಿಂತಿದ್ದಾಗಲೂ ಬ್ಯಾಟರಿ ಆ ದಾರಿಯಲ್ಲಿ ಸೋರಿ ರಾತ್ರಿ ಕಳೆಯುವುದರೊಳಗೆ ಬರಿದಾಗಬಹುದು. ಎಂಜಿನ್ ಓಡುತ್ತಿರುವಾಗ ಮೀಟರನ್ನು ಪರ್ಯಾಯ ವಿದ್ಯುತ್ತಿನ (ಏಸಿ) ವೋಲ್ಟಿಗೆ ತಿರುಗಿಸಿ ಬ್ಯಾಟರಿಗೆ ಹಿಡಿದರೆ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡಲ್ಲಿ ಡಯೋಡಿನ ಮೇಲೆ ಅನುಮಾನ ಪಡಬೇಕು. ಪ್ಲಗ್ಗಿನ ಆಕಾರ ಒಂದೇ ಇದ್ದು ಒಳಗಿನ ಏರ್ಪಾಡು ಬೇರೆಯಿರುವ ಆಲ್ಟರ್ನೇಟರ್ ಬಂದಿರುವುದೂ ಸಾಧ್ಯ. ಟೊಯೊಟಾದ ಎಷ್ಟೋ ಮಾದರಿಗಳ ಮೂರು ಪಿನ್ನಿನ ಪ್ಲಗ್ಗಿನಲ್ಲಿ ಒಂದು ವೈರು ಬರೀ ಬ್ಯಾಟರಿಯ ಕಡೆಯ ವೋಲ್ಟೇಜನ್ನು ರೆಗ್ಯುಲೇಟರಿಗೆ ತಿಳಿಸಲೆಂದೇ ಇದೆ. ಆ ವೈರಿನಲ್ಲಿ ತೊಡಕಿದ್ದರೆ ರೆಗ್ಯುಲೇಟರ್ ತಪ್ಪು ಸುದ್ದಿ ನಂಬಿ ಅಗತ್ಯಕ್ಕಿಂತ ಹೆಚ್ಚು ಒತ್ತುತ್ತದೆ, ಬ್ಯಾಟರಿ ಉಬ್ಬುತ್ತದೆ.

ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಕೇಬಲ್ ಕಿತ್ತು ನೋಡುವ ಹಳೆಯ ಪರೀಕ್ಷೆಯ ಬಗ್ಗೆ ಮಾತ್ರ ಯಾವ ರಾಜಿಯೂ ಬೇಡ. ಎಂಜಿನ್ ನಿಲ್ಲದಿದ್ದರೆ ಚಾರ್ಜಿಂಗ್ ಸರಿಯಿದೆ ಎಂಬ ಈ ನಂಬಿಕೆ ಆಲ್ಟರ್ನೇಟರಿಗಿಂತ ಮೊದಲಿದ್ದ ಡೈನಮೊ ಕಾಲದ್ದು. ಸಿಲಿಕಾನ್ ಡಯೋಡುಗಳು ಅಗ್ಗವಾಗಿ, 1960ರ ಮಾದರಿಯ ವ್ಯಾಲಿಯಂಟ್ ಕಾರಿಗೆ ಕ್ರೈಸ್ಲರ್ ಕಂಪನಿ ಆಲ್ಟರ್ನೇಟರ್ ಅಳವಡಿಸಿದ ನಂತರ ಜಗತ್ತೆಲ್ಲ ಆ ಕಡೆ ತಿರುಗಿತು. ಪರೀಕ್ಷೆ ಮಾತ್ರ ಗ್ಯಾರೇಜುಗಳಲ್ಲಿ ಉಳಿದುಬಿಟ್ಟಿತು. ತುಂಬು ಕರೆಂಟ್ ಕುಡಿಯುತ್ತಿದ್ದ ಬ್ಯಾಟರಿಯನ್ನು ಹಠಾತ್ತಾಗಿ ಕಿತ್ತರೆ ರೋಟರಿನ ಕಾಂತಕ್ಷೇತ್ರ ಅಷ್ಟೇ ಬೇಗ ಇಳಿಯಲಾರದು. ತಡೆಯುವ ಏರ್ಪಾಡಿಲ್ಲದ ಕಡೆ ವೋಲ್ಟೇಜ್ ಕ್ಷಣಮಾತ್ರ 80ರಿಂದ 100ರ ತನಕ ನೆಗೆಯಬಲ್ಲದು; ಕಾರಿನ ಎಲೆಕ್ಟ್ರಾನಿಕ್ ಭಾಗಗಳ ಅಂತರರಾಷ್ಟ್ರೀಯ ಪರೀಕ್ಷಾ ಮಾನದಂಡದಲ್ಲೂ ಈ ಹೊಡೆತಕ್ಕೆ ಅಷ್ಟೇ ಪ್ರಮಾಣ ಇಟ್ಟುಕೊಂಡಿದ್ದಾರೆ. ಹೊಸ ಆಲ್ಟರ್ನೇಟರಿನ ಡಯೋಡುಗಳು, ಎಂಜಿನ್ನಿನ ಕಂಪ್ಯೂಟರ್ ಎಲ್ಲವನ್ನೂ ಒಂದು ಕೈಯಾಡಿಕೆಯಲ್ಲಿ ಕಳೆದುಕೊಳ್ಳುವ ಪರೀಕ್ಷೆ ಇದು.

ಈಗಿನ ಕಾರುಗಳಲ್ಲಿ ಎಲ್ಲವನ್ನೂ ಕಂಪ್ಯೂಟರೇ ನಡೆಸುತ್ತದೆ, ಮಲ್ಟಿಮೀಟರಿನ ಕಾಲ ಮುಗಿಯಿತು ಎನ್ನುವವರಿದ್ದಾರೆ. ಇದರಲ್ಲಿ ಸತ್ಯದ ಒಂದು ಪಾಲಿದೆ. ಇಂಧನ ಉಳಿಸಲೆಂದು ಹಲವು ಕಾರುಗಳು ವೇಗ ಹೆಚ್ಚಿಸುವಾಗ ಆಲ್ಟರ್ನೇಟರಿನ ಭಾರ ಇಳಿಸುತ್ತವೆ, ಬ್ರೇಕ್ ಹಾಕುವಾಗ ಏರಿಸುತ್ತವೆ. ಭಾರತದಲ್ಲಿ ಮಾರುತಿ ಸುಜುಕಿ 2015ರಲ್ಲಿ ಸಿಯಾಜ್ ಕಾರಿಗೆ ತಂದ ಎಸ್‌ಎಚ್‌ವಿಎಸ್ ವ್ಯವಸ್ಥೆಯೂ ಈ ಬಗೆಯ ಯೋಚನೆಯದೇ. ಅಂಥ ಕಾರಿನಲ್ಲಿ ಒಮ್ಮೆ ಅಳೆದಾಗ 12.8 ವೋಲ್ಟ್ ಕಂಡರೆ ಚಾರ್ಜ್ ಆಗುತ್ತಿಲ್ಲ ಎಂದು ತೀರ್ಮಾನಿಸುವುದು ತಪ್ಪು. ಹೆಡ್‌ಲೈಟ್, ಬ್ಲೋವರ್ ಹಾಕಿ ಒಂದೆರಡು ನಿಮಿಷ ಕಾದು, ಸ್ಕ್ಯಾನರಿನಲ್ಲಿ ಕಂಪ್ಯೂಟರ್ ಎಷ್ಟು ವೋಲ್ಟೇಜ್ ಕೇಳುತ್ತಿದೆ ಎಂದು ಓದಿ, ಮೀಟರಿನಲ್ಲಿ ಎಷ್ಟು ಬರುತ್ತಿದೆ ಎಂದು ಹೋಲಿಸಬೇಕು. ಕೇಳಿದ್ದಕ್ಕೂ ಬಂದದ್ದಕ್ಕೂ ಅಂತರವಿದ್ದರೆ ಹುಡುಕಾಟ ಮತ್ತೆ ಕೇಬಲ್ಲು, ಅರ್ಥಿಂಗ್, ಪ್ಲಗ್ಗುಗಳ ಕಡೆಗೇ ಹೊರಳುತ್ತದೆ. ಕಂಪ್ಯೂಟರ್ ಬಂದ ಮಾತ್ರಕ್ಕೆ ಕಿಲುಬಿನ ರೋಧ ಕಡಿಮೆಯಾಗಿಲ್ಲ.

ಕೊನೆಗೆ, ಎಲ್ಲ ಅಳತೆಗಳೂ ಸರಿಯಿದ್ದು ಬೆಳಗ್ಗೆ ಕಾರು ಸ್ಟಾರ್ಟ್ ಆಗದಿರುವ ಪ್ರಸಂಗಗಳಿವೆ. ಆಗ ದೋಷ ಚಾರ್ಜಿಂಗ್ ವ್ಯವಸ್ಥೆಯದಲ್ಲ. ಗಡಿಯಾರ, ಅಲಾರಂ, ಕಂಪ್ಯೂಟರಿನ ನೆನಪು ಇವುಗಳಿಗೆಂದು ನಿಂತ ಕಾರೂ 0.05 ಆಂಪಿಯರಿನಷ್ಟು ಎಳೆಯುವುದು ಸಹಜ; 35 ಆಂಪಿಯರ್-ಗಂಟೆಯ ಸಣ್ಣ ಬ್ಯಾಟರಿ ಅದಕ್ಕೆ ಸುಮಾರು 29 ದಿನ ತಾಳುತ್ತದೆ. ಆಮೇಲೆ ಸೇರಿಸಿದ ಸ್ಟೀರಿಯೊ ಅಥವಾ ಆರದ ಡಿಕ್ಕಿ ದೀಪ ಅರ್ಧ ಆಂಪಿಯರ್ ಎಳೆದರೆ ಮೂರೇ ದಿನ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಂಥ ಕಡೆ ಮಳೆಯ ಸಂಜೆ ತಾಸುಗಟ್ಟಲೆ ಐಡ್ಲಿಂಗಿನಲ್ಲಿ ನಿಂತರೆ ಹೆಡ್‌ಲೈಟ್, ವೈಪರ್, ಬ್ಲೋವರ್, ರೇಡಿಯೇಟರ್ ಫ್ಯಾನ್ ಸೇರಿ ಆ ವೇಗದಲ್ಲಿ ಆಲ್ಟರ್ನೇಟರ್ ಕೊಡಬಲ್ಲದ್ದನ್ನೆಲ್ಲ ತಿಂದುಬಿಡುತ್ತವೆ. ಬ್ಯಾಟರಿಗೆ ಉಳಿಯುವುದು ಏನೂ ಇಲ್ಲ. ಕಾರನ್ನು ತಳ್ಳಿ ಸ್ಟಾರ್ಟ್ ಮಾಡಿ, ಸತ್ತ ಬ್ಯಾಟರಿಯನ್ನು ಹೊಸ ಆಲ್ಟರ್ನೇಟರಿನಿಂದಲೇ ತುಂಬಿಸಲು ಹೊರಡುವುದು ಇನ್ನೂ ಕೆಟ್ಟದ್ದು. ತುಂಬಿದ ಬ್ಯಾಟರಿಯನ್ನು ತುಂಬಿದಂತೆ ಇಡಲು ರೂಪಿಸಿದ ಯಂತ್ರ ಗಂಟೆಗಟ್ಟಲೆ ತನ್ನ ಮಿತಿಯಲ್ಲಿ ಓಡಿದರೆ ಡಯೋಡುಗಳು ಕಾದು ಸಾಯುತ್ತವೆ.

ಆದ್ದರಿಂದ ಆಲ್ಟರ್ನೇಟರ್ ಬದಲಿಸುವ ಮುನ್ನ ಬ್ಯಾಟರಿಯನ್ನು ಹೊರಗಿನ ಚಾರ್ಜರಿನಲ್ಲಿ ಪೂರ್ತಿ ತುಂಬಿಸಿ. ಬದಲಿಸಿದ ದಿನವೇ, ಗ್ಯಾರೇಜಿನಿಂದ ಹೊರಡುವ ಮೊದಲು, ಎಲ್ಲ ದೀಪ ಹಾಕಿ ಅಳೆದ ನಾಲ್ಕು ಸಂಖ್ಯೆಗಳನ್ನು ಬಿಲ್ಲಿನ ಮೇಲೆ ಬರೆದುಕೊಡಲು ಕೇಳಿ: ಆಲ್ಟರ್ನೇಟರಿನಲ್ಲಿ ಎಷ್ಟು, ಬ್ಯಾಟರಿಯಲ್ಲಿ ಎಷ್ಟು, ಪ್ಲಸ್ ದಾರಿಯ ನಷ್ಟ ಎಷ್ಟು, ಮೈನಸ್ ದಾರಿಯ ನಷ್ಟ ಎಷ್ಟು. ಒಳ್ಳೆಯ ಆಟೊ ಎಲೆಕ್ಟ್ರಿಷಿಯನ್‌ಗೆ ಇದು ಹತ್ತು ನಿಮಿಷದ ಕೆಲಸ. ವಾರಂಟಿಯ ಮಾತು ಬಂದಾಗ ನಿಮ್ಮ ಪರವಾಗಿ ನಿಲ್ಲುವ ದಾಖಲೆಯೂ ಅದೇ.